ನಾಲ್ಕು ಬೆರಳು ಬಲಕ್ಕೆ

ಮೊನ್ನೆ ನಮ್ಮ ಹಳೆಯ ಕಾರನ್ನು ವೀಲ್ ಅಲೈನ್‌ಮೆಂಟ್ ಮಾಡಿಸಲು ಶಿವಮೊಗ್ಗದ ಅಂಗಡಿಯೊಂದಕ್ಕೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿಯ ಮೆಕ್ಯಾನಿಕ್ಕು ನಾಲ್ಕೂ ಚಕ್ರಗಳಿಗೆ ಏನೇನೋ ತಗುಲಿಸಿ, ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಕಂಪ್ಯೂಟರಿನ ಪರದೆ ನೋಡಿ, ಗಾಡಿ ಇಷ್ಟು ದಿನ ಎಡಕ್ಕೆ ಎಳೆಯುತ್ತಿತ್ತಲ್ಲ, ನಿಮಗೆ ಗೊತ್ತೇ ಆಗಲಿಲ್ಲವಾ ಸಾರ್ ಎಂದು ಕೇಳಿದ. ಗೊತ್ತಾಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಶೈಲಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ಅವಳು ಯಾಕೆ ನಕ್ಕಳು ಎಂದು ಅವನಿಗೆ ಬಿಡಿಸಿ ಹೇಳುವ ಧೈರ್ಯ ನನಗಿರಲಿಲ್ಲ. ನಿಮಗೆ ಹೇಳುತ್ತೇನೆ, ನೀವು ನಮ್ಮವರು. ಸ್ಟೇರಿಂಗ್ ಎನ್ನುವ ಪದ ನಮ್ಮ ಮನೆಯಲ್ಲಿ ಯಾರ ಬಾಯಲ್ಲಿ ಬಂದರೂ ನಾನು ಪೇಪರು ಓದುವವನಂತೆ ಮುಖ ಮುಚ್ಚಿಕೊಳ್ಳುವುದು ಬಹಳ ವರ್ಷಗಳಿಂದ ನಡೆದುಕೊಂಡು ಬಂದಿದೆ.

ತೊಂಬತ್ತರ ದಶಕದ ಮಾತು. ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಶೈಲಾಳ ತವರುಮನೆ ಭದ್ರಾವತಿಯಲ್ಲಿ, ಕಾಗದನಗರದ ಪಕ್ಕದ ಒಂದು ಬೀದಿಯಲ್ಲಿ. ಮಾವ ರುದ್ರಪ್ಪನವರು ಊರಿನ ಒಂದು ಹಳೆಯ ಕ್ಲಬ್ಬಿನಲ್ಲಿ ತೋಟದ ಮೇಸ್ತ್ರಿಯಾಗಿದ್ದವರು. ಆ ಕ್ಲಬ್ಬಿಗೆ ಯಾವುದೋ ಕಾಲದಲ್ಲಿ ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ಹುಲ್ಲುಹಾಸು ಕತ್ತರಿಸಲು ಒಂದು ಗಾರ್ಡನ್ ಟ್ರ್ಯಾಕ್ಟರ್ ತರಿಸಿದ್ದನಂತೆ. ಅವನು ಹೋದ, ಟ್ರ್ಯಾಕ್ಟರು ಉಳಿಯಿತು. ಇಪ್ಪತ್ತು ವರ್ಷ ಅದನ್ನು ಓಡಿಸಿದವರು ಮಾವ ಒಬ್ಬರೇ. ಕ್ಲಬ್ಬು ಮುಚ್ಚಿ ಸಾಮಾನುಗಳನ್ನೆಲ್ಲ ಹರಾಜು ಹಾಕಿದಾಗ ಬೇರೆಯವರು ಬೆತ್ತದ ಕುರ್ಚಿ, ಬಿಲಿಯರ್ಡ್ಸ್ ಮೇಜು ಎಂದು ಕೂಗುತ್ತಿದ್ದರೆ, ಮಾವ ಮೂಲೆಯಲ್ಲಿದ್ದ ಅದರ ಸೀಟಿನ ಮೇಲೆ ಹೋಗಿ ಕೂತುಬಿಟ್ಟರಂತೆ. ಎಬ್ಬಿಸಲು ಯಾರಿಗೂ ಮನಸ್ಸು ಬರಲಿಲ್ಲ, ಹಾಗಾಗಿ ಅವರಿಗೇ ಆಯಿತು ಎಂದು ಅತ್ತೆ ಗಿರಿಜಮ್ಮನವರು ಹೇಳುತ್ತಿದ್ದರು.

ದೊಡ್ಡ ಟ್ರ್ಯಾಕ್ಟರನ್ನು ಬಿಸಿನೀರಿನಲ್ಲಿ ಒಗೆದು ಕುಗ್ಗಿಸಿದಂತಿತ್ತು ಅದು. ಸೊಂಟದೆತ್ತರದ ಗಾಡಿ, ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಬ್ಲೇಡು, ಹಿಂದೆ ಎರಡು ಗುಂಡು ಗುಂಡು ಚಕ್ರ. ಬೀದಿಯವರೆಲ್ಲ ಮರಿ ಟ್ರ್ಯಾಕ್ಟರ್ ಎನ್ನುತ್ತಿದ್ದರು. ಆರು ಅಡಿಯ ಮಾವ ಅದರ ಮೇಲೆ ಕೂತರೆ ಮೊಣಕಾಲು ಕಿವಿಯವರೆಗೆ ಬರುತ್ತಿತ್ತು. ಆದರೂ ಹತ್ತಿದ ಕೂಡಲೇ ಅವರ ಮುಖಕ್ಕೆ ಒಂದು ಗಾಂಭೀರ್ಯ ಬರುತ್ತಿತ್ತು. ನಗುವ ಹಾಗಿರಲಿಲ್ಲ.

ಇಲ್ಲಿ ಅಳಿಯತನದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮಾವನವರು ಬೀದಿಯಲ್ಲಿ ಯಾರನ್ನೂ ಬಹುವಚನದಲ್ಲಿ ಮಾತನಾಡಿಸಿದ್ದನ್ನು ನಾನು ಕೇಳಿಲ್ಲ. ಹಾಲಿನವನು, ಪೋಸ್ಟಿನವನು, ಪಕ್ಕದ ಮನೆಯ ರಿಟೈರ್ಡ್ ಹೆಡ್ ಕ್ಲಾರ್ಕು, ಎಲ್ಲರೂ ಅವರಿಗೆ "ಲೇ" ಮತ್ತು "ಏನೋ". ಬೆಳಿಗ್ಗೆ ಕಾಂಪೌಂಡಿನ ಬಳಿ ನಿಂತು ದಾರಿಯಲ್ಲಿ ಹೋಗುವವರನ್ನು ಒಬ್ಬೊಬ್ಬರನ್ನಾಗಿ ಬೈದು ಕಳಿಸಿದರೇನೇ ಅವರಿಗೆ ಸಮಾಧಾನ. ಬೈಸಿಕೊಂಡವರೂ ಪ್ರಸಾದ ತೆಗೆದುಕೊಂಡವರ ಹಾಗೆ ನಗುನಗುತ್ತ ಹೋಗುತ್ತಿದ್ದರು. ನಾನು ಒಬ್ಬ ಮಾತ್ರ ಇದಕ್ಕೆ ಹೊರಗು. ನನ್ನೊಂದಿಗೆ ಅವರ ದನಿಯೇ ಬೇರೆ. ನಾನು ಎದುರಿಗೇ ಕೂತಿದ್ದರೂ, "ಅಳಿಯಂದಿರು ಕಾಫಿ ಕುಡಿದ್ರಂತಾ?" ಎಂದು ಅತ್ತೆಯನ್ನು ಕೇಳುವರು. ಅತ್ತೆ ನನ್ನನ್ನು ಕೇಳುವರು. ನಾನು ಅತ್ತೆಗೆ ಹೇಳುವೆ. ಅತ್ತೆ ಅವರಿಗೆ ಹೇಳುವರು. ನಾಲ್ಕು ಅಡಿ ದೂರದ ಉತ್ತರಕ್ಕೆ ಅಷ್ಟು ಸುತ್ತು ದಾರಿ. ಹಾಲಿನವನಿಗೆ ಸಿಗುವ ಬೈಗುಳ ನನಗೆ ಸಿಗುತ್ತಿಲ್ಲವಲ್ಲ ಎಂದು ನಿಜವಾಗಿಯೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನಾನು ಮೊದಲ ಸಲ ಮರಿ ಟ್ರ್ಯಾಕ್ಟರ್ ಹತ್ತಿದ್ದು ಒಂದು ಭಾನುವಾರ. ಅಳಿಯಂದಿರಿಗೆ ಓಡಿಸಬೇಕು ಅಂತ ಆಸೆ ಇದ್ದಂತಿದೆ ಎಂದು ಮಾವನೇ ಅತ್ತೆಯ ಮೂಲಕ ತಿಳಿಸಿದ್ದರು. ಹಿತ್ತಿಲು ಉದ್ದವಾಗಿತ್ತು. ಸ್ಟೇರಿಂಗ್ ಚಕ್ರಕ್ಕೆ ಮೂರು ಕಡ್ಡಿ. ಅವು ಓರೆಯಾಗಿ ನಿಂತಿದ್ದವು. ಗೋಡೆಯ ಮೇಲಿನ ಫೋಟೋ ಓರೆಯಾಗಿದ್ದರೆ ಅದನ್ನು ಸರಿಮಾಡದೆ ಊಟಕ್ಕೆ ಕೂರಲಾರದ ಜಾತಿಯವನು ನಾನು. ಕಡ್ಡಿಗಳನ್ನು ನೇರ ಮಾಡಿ ಹಿಡಿದುಕೊಂಡು ಕ್ಲಚ್ ಬಿಟ್ಟೆ. ಗಾಡಿ ಶಿಸ್ತಾಗಿ ಎಡಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದೆ, ಕಾಲು ಸುತ್ತು ತಿರುಗಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟಲಿಲ್ಲ. ಎಡಗಡೆ ಬಟ್ಟೆ ಒಣಹಾಕುವ ತಂತಿಯಿತ್ತು. ಅದರ ಕೆಳಗೆ ಹಾದು ಆಚೆ ಹೊರಬಂದಾಗ ನನ್ನ ತಲೆಯ ಮೇಲೆ ಅತ್ತೆಯವರ ಹಸಿರು ಸೀರೆ ಇತ್ತು, ಗಾಡಿ ಬಾಳೆಯ ಬುಡಕ್ಕೆ ಮೂತಿ ಊರಿ ನಿಂತಿತ್ತು. ಯಾರೂ ನಗಲಿಲ್ಲ. ಅದೇ ದೊಡ್ಡ ಕಷ್ಟ. ಅತ್ತೆ ನಿಧಾನವಾಗಿ ಬಂದು ಸೀರೆ ತೆಗೆದುಕೊಂಡು, "ಒಣಗಿತ್ತು ಬಿಡಿ, ತೆಗೀಬೇಕು ಅಂತಲೇ ಇದ್ದೆ" ಎಂದರು. ಮಾವ ಗಾಡಿಯನ್ನು ಹಿಂದಕ್ಕೆ ತೆಗೆದು, ಬಾಳೆಗೆ ಹೇಗೂ ವಯಸ್ಸಾಗಿತ್ತು ಎಂದರು. ಶೈಲಾ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ದಿಂಬಿಗೆ ಮುಖ ಒತ್ತಿ ನಕ್ಕಿದ್ದು ನನಗೆ ಕೇಳಿಸಿತು.

ಮಾವ ಅದೇ ಗಾಡಿಯನ್ನು ಓಡಿಸುವುದನ್ನು ಅನಂತರ ಗಮನಿಸಿ ನೋಡಿದೆ. ಸ್ಟೇರಿಂಗನ್ನು ಯಾವಾಗಲೂ ಬಲಕ್ಕೆ ಎಳೆದು ಹಿಡಿದಿರುತ್ತಿದ್ದರು, ಮೈಯೂ ಒಂದಿಷ್ಟು ಬಲಕ್ಕೆ ವಾಲಿರುತ್ತಿತ್ತು. ಪಾಪ, ಎಷ್ಟು ಕಷ್ಟಪಡುತ್ತಾರೆ ಎಂದುಕೊಂಡೆ. ಮೇಷ್ಟ್ರ ಕಣ್ಣಿಗೆ ಲೋಕದಲ್ಲಿ ಕಾಣುವುದೆಲ್ಲ ತಪ್ಪು ಲೆಕ್ಕವೇ ತಾನೆ. ಕೆಂಪು ಪೆನ್ನು ಜೇಬಿನಲ್ಲೇ ಇರುತ್ತದೆ.

ಆ ಗಾಡಿಗೆ ಉಳಿದಿದ್ದ ಕೆಲಸ ಒಂದೇ. ಪ್ರತಿ ವರ್ಷ ಮಳೆ ಕಳೆದ ಮೇಲೆ ಊರಿನ ಒಂದು ಹೈಸ್ಕೂಲಿನ ಮೈದಾನದಲ್ಲಿ ಸುತ್ತಲ ಶಾಲೆಗಳ ಕ್ರೀಡಾಕೂಟ ನಡೆಯುತ್ತಿತ್ತು. ಮೊಣಕಾಲೆತ್ತರ ಬೆಳೆದ ಹುಲ್ಲನ್ನು ಕತ್ತರಿಸಿಕೊಡುವವರು ಮಾವ. ಬರೀ ಕತ್ತರಿಸುವುದಲ್ಲ. ನೂರು ಮೀಟರ್ ಓಟದ ಜಾಗದಲ್ಲಿ ಹಗ್ಗ ಕಟ್ಟದೆ, ಅಳತೆ ಹಿಡಿಯದೆ, ಆಚೆ ತುದಿಯ ಧ್ವಜದ ಕಂಬವೊಂದನ್ನು ನೋಡಿಕೊಂಡು ಆರು ಪಟ್ಟೆ ಕೊಯ್ದುಬಿಡುತ್ತಿದ್ದರು. ಪಟ್ಟೆಯ ಅಂಚಿಗೆ ಸುಣ್ಣ ಹಾಕಿಕೊಂಡು ಹೋದರೆ ಓಟದ ಗೆರೆ ಸಿದ್ಧ. ರುದ್ರಪ್ಪನ ಗೆರೆ ಎಂದೇ ಅದಕ್ಕೆ ಹೆಸರು. ಆ ಒಂದು ದಿನ ಊರಿಗೆ ಊರೇ ಅವರನ್ನು ಮತ್ತೆ ಮೇಸ್ತ್ರಿ ಎಂದು ಕರೆಯುತ್ತಿತ್ತು. ವರ್ಷದ ಉಳಿದ ದಿನಗಳಲ್ಲಿ ಅವರು ಬರೀ ಶೈಲಾಳ ಅಪ್ಪ, ಗಿರಿಜಮ್ಮನ ಗಂಡ.

ಆ ವರ್ಷ ಶಾಲೆಗೆ ಹೊಸ ಪಿ.ಟಿ. ಮೇಷ್ಟ್ರು ಬಂದಿದ್ದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಟೇಪು. ಈ ಮುದಿ ಗಾಡಿ ನೆಚ್ಚಿಕೊಂಡು ಕ್ರೀಡಾಕೂಟ ಮಾಡುವುದು ಅವರಿಗೆ ಸರಿಕಾಣಲಿಲ್ಲ. ಕುಡುಗೋಲಿನ ಆಳುಗಳನ್ನು ಕರೆಸಿ, ಹಗ್ಗ ಕಟ್ಟಿ ಕೊಯ್ಸೋಣ ಎಂದರಂತೆ. ಹಿರಿಯ ಮೇಷ್ಟ್ರುಗಳು ಬೇಡ ಎಂದ ಮೇಲೆ, ಆಗಲಿ, ಈ ಸಲ ನೋಡೋಣ, ಗೆರೆ ಸೊಟ್ಟ ಬಂದರೆ ಇದೇ ಕೊನೆ ಎಂದರಂತೆ. ಮಾವ ಇದನ್ನು ಅತ್ತೆಗೆ ಹೇಳುವಾಗ ಯಾರನ್ನೂ ಬೈಯಲಿಲ್ಲ. ಅಪ್ಪ ಬೈಯಲಿಲ್ಲ ಅಂದ್ರೆ ಹೆದರಿದಾರೆ ಅಂತ ಅರ್ಥ ಎಂದಳು ಶೈಲಾ.

ನನ್ನೊಳಗಿನ ಅಳಿಯ ಎದ್ದು ನಿಂತ. ಸ್ಟೇರಿಂಗ್ ಸರಿಮಾಡಿಸಿಕೊಟ್ಟರೆ ಮಾವನಿಗೆ ಗೆರೆ ಹೊಡೆಯುವುದು ಎಷ್ಟು ಸಲೀಸು. ಸೊಟ್ಟ ಸ್ಟೇರಿಂಗಿನಲ್ಲೇ ಇಷ್ಟು ನೇರ ಓಡಿಸುವವರು, ನೇರ ಸ್ಟೇರಿಂಗಿನಲ್ಲಿ ಇನ್ನೆಷ್ಟು ನೇರ ಓಡಿಸಿಯಾರು. ತ್ರೈರಾಶಿ ಲೆಕ್ಕ ಹಾಕಿ ಖುಷಿಪಟ್ಟೆ. ಮಾವ ಅತ್ತೆ ಒಂದು ಮದುವೆಗೆಂದು ಎರಡು ದಿನ ಹೊಳೆಹೊನ್ನೂರಿಗೆ ಹೋಗುವವರಿದ್ದರು, ಮನೆಯ ಕೀಲಿಕೈ ನಮ್ಮ ಹತ್ತಿರ ಇತ್ತು. ಬಂದು ನೋಡಿ ಬೆರಗಾಗಲಿ ಎಂದು ಶೈಲಾಳಿಗೂ ಬಾಯಿ ಬಿಡದಂತೆ ಹೇಳಿದೆ.

ಶಿವಮೊಗ್ಗದ ಗಾರ್ಡನ್ ಏರಿಯಾದಲ್ಲಿ ಇಸ್ಮಾಯಿಲ್ ಸಾಹೇಬರು ಎಂಬ ಹಳೆಯ ಮೆಕ್ಯಾನಿಕ್ ಇದ್ದರು. ಯಾವ ಕಾಲದ, ಯಾವ ದೇಶದ ಗಾಡಿಯನ್ನಾದರೂ ಮಾತನಾಡಿಸಬಲ್ಲರು ಎಂಬ ಪ್ರತೀತಿ. ಹೋಗಿ, ಗಾರ್ಡನ್ ಟ್ರ್ಯಾಕ್ಟರ್ ಸ್ಟೇರಿಂಗ್ ಅಡ್ಜಸ್ಟ್ ಮಾಡಬೇಕು ಎಂದೆ. ಅವರು ಬೀದಿಯತ್ತ ಕತ್ತು ಚಾಚಿ ನೋಡಿ, ಗಾರ್ಡನ್ ಏರಿಯಾದಲ್ಲಿ ಯಾರ ಹತ್ತಿರವೂ ಟ್ರ್ಯಾಕ್ಟರ್ ಇಲ್ಲವಲ್ಲ ಎಂದರು. ಅದು ಇರುವುದು ಭದ್ರಾವತಿಯಲ್ಲಿ ಎಂದೆ. ಹಾಗಾದರೆ ಭದ್ರಾವತಿ ಟ್ರ್ಯಾಕ್ಟರ್ ಅನ್ನಿ, ಗಾರ್ಡನ್ ಟ್ರ್ಯಾಕ್ಟರ್ ಅಂತ ಯಾಕೆ ಅಂತೀರಿ ಎಂದು ನನ್ನನ್ನೇ ತಿದ್ದಿದರು. ನಾನು ತಿದ್ದಿಸಿಕೊಂಡು, ಅವರ ಚೀಲವನ್ನು ಹೊತ್ತುಕೊಂಡು ಅವರನ್ನು ಭದ್ರಾವತಿಯ ಬಸ್ಸು ಹತ್ತಿಸಿದೆ. ಆ ಚೀಲದಲ್ಲಿ ಸ್ಪ್ಯಾನರುಗಳಿದ್ದವೋ ರೈಲಿನ ಹಳಿಗಳಿದ್ದವೋ, ಇವತ್ತಿಗೂ ನನ್ನ ಬಲಭುಜ ಒಂದಿಷ್ಟು ಕೆಳಗಿದೆ.

ಹಿತ್ತಿಲಲ್ಲಿ ಮರಿ ಟ್ರ್ಯಾಕ್ಟರಿನ ಸುತ್ತ ಎರಡು ಸಲ ಬಂದು ಸಾಹೇಬರು ಕೇಳಿದ ಮೊದಲ ಪ್ರಶ್ನೆ, ಇದನ್ನು ಓಡಿಸುವವರು ಎಲ್ಲಿ ಎಂದು. ಮದುವೆಗೆ ಹೋಗಿದ್ದಾರೆ ಎಂದೆ. ಅವರು ಚೀಲ ಬಿಚ್ಚಲೇ ಇಲ್ಲ.

"ಓಡಿಸೋರು ಬರ್ಲಿ ಮೇಷ್ಟ್ರೇ. ಅವರನ್ನ ಮೇಲೆ ಕೂರಿಸಿ, ಅವರ ಕೈ ನೋಡ್ಕೊಂಡೇ ನಾನು ಸ್ಟೇರಿಂಗ್ ಮುಟ್ಟೋದು."

ನೇರ ಅಂದರೆ ನೇರ, ಅದಕ್ಕೆ ಯಾರ ಕೈ ಯಾಕೆ ಬೇಕು ಎಂದು ನಾನು ಪಾಠ ಶುರುಮಾಡಿದೆ. ಎರಡು ಬಿಂದುಗಳ ನಡುವೆ ಒಂದೇ ಒಂದು ಸರಳರೇಖೆ ಎಳೆಯಬಹುದು ಎಂಬುದನ್ನೂ ಹೇಳಿದೆ ಅಂತ ಕಾಣುತ್ತದೆ. ಸಾಹೇಬರು ಹತ್ತು ನಿಮಿಷ ಕೇಳಿದರು. ನಿಲ್ಲಿಸುವ ಬೇರೆ ದಾರಿ ಕಾಣದೆ ಚೀಲ ಬಿಚ್ಚಿದರು.

ಗಾಡಿಯ ಕೆಳಗೆ ಮಲಗಿ ಅವರು ಒಂದೊಂದನ್ನೇ ಬಿಚ್ಚಿ ತೋರಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಸ್ಟೇರಿಂಗಿನ ಸರಳಿನ ತುದಿಯಲ್ಲಿ ಒಂದು ಪುಟ್ಟ ಹಲ್ಲಿನ ಚಕ್ರ, ಅದು ಕಚ್ಚಿಕೊಳ್ಳುವುದು ಬೀಸಣಿಗೆಯಾಕಾರದ ಒಂದು ಹಲ್ಲಿನ ಪಟ್ಟಿಯನ್ನು. ಪಟ್ಟಿಯ ಒಂದು ಕಡೆ ಮೂರ್ನಾಲ್ಕು ಹಲ್ಲುಗಳು ಸವೆದು ನುಣ್ಣಗಾಗಿದ್ದವು, ಉಳಿದವು ಹೊಸದರಂತಿದ್ದವು. ಗಾಡಿ ನೇರ ಹೋಗುವಾಗ ಕಚ್ಚಿಕೊಳ್ಳುವ ಹಲ್ಲುಗಳೇ ಇವು, ಯಜಮಾನರು ಬಹಳ ನೇರ ಓಡಿಸಿದ್ದಾರೆ, ಅದಕ್ಕೇ ಸವೆದಿವೆ ಎಂದರು ಸಾಹೇಬರು. ಆ ಸವಕಲಿನಿಂದಲೇ ಸ್ಟೇರಿಂಗಿಗೆ ಆಟ ಜಾಸ್ತಿಯಾಗಿತ್ತು. ಆಟ ಅಂದರೆ, ಚಕ್ರ ತಿರುಗದೆ ಕೈ ಮಾತ್ರ ತಿರುಗುವುದು. ಅವರು ಪಟ್ಟಿಯನ್ನು ಮಗುಚಿ ಹಾಕಿ ಹೊಸ ಹಲ್ಲು ಕಚ್ಚಿಸಿದರು. ಮುಂದಿನ ಚಕ್ರಗಳನ್ನು ಜೋಡಿಸುವ ರಾಡನ್ನು ತಿರುಪಿ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದರು. ಎರಡು ಬೆರಳಷ್ಟು ಆಟ ಬಿಡುತ್ತೇನೆ, ಮನುಷ್ಯರ ಕೈ ಅಂದ ಮೇಲೆ ಅಷ್ಟು ಇರಬೇಕು ಎಂದರು. ನಾನು ಬಿಡಲಿಲ್ಲ. ಪೂರ್ತಿ ತೆಗೆಯಿರಿ ಎಂದು ಹಟ ಹಿಡಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಪೂರ್ತಿ ತೆಗೆದರು. ನಾನೇ ಓಡಿಸಿ ನೋಡಿದೆ. ಬಟ್ಟೆಯ ತಂತಿಯ ಪಕ್ಕದಲ್ಲೇ ನೆಟ್ಟಗೆ ಹೋಯಿತು. ಅಷ್ಟು ಸಂತೋಷ ನನಗೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ.

ಮಾವ ಬಂದರು. ವಿಷಯ ಕೇಳಿ ಒಂದು ಕ್ಷಣ ಅವರ ಕಣ್ಣುಗುಡ್ಡೆ ಅಲ್ಲೇ ನಿಂತಂತಾಯಿತು, ಅದನ್ನು ನಾನು ಬೆರಗು ಎಂದುಕೊಂಡೆ. ಓಡಿಸಿ ನೋಡಿ ಎಂದು ಒತ್ತಾಯ ಮಾಡಿದೆ. ಮಾವ ಹತ್ತಿದರು, ಎಂದಿನಂತೆ ಸ್ಟೇರಿಂಗನ್ನು ಬಲಕ್ಕೆ ಎಳೆದು ಹಿಡಿದು ಕ್ಲಚ್ ಬಿಟ್ಟರು. ಗಾಡಿ ಬಲಕ್ಕೆ ನುಗ್ಗಿತು. ಗಾಬರಿಯಿಂದ ಎಡಕ್ಕೆ ಎಳೆದರು, ಆಟವೇ ಇಲ್ಲದ ಸ್ಟೇರಿಂಗು ತಕ್ಷಣ ಎಡಕ್ಕೆ ಹಾರಿತು. ಮತ್ತೆ ಬಲಕ್ಕೆ. ಕೊನೆಗೆ ಪಕ್ಕದ ಹೆಡ್ ಕ್ಲಾರ್ಕರ ಕಾಂಪೌಂಡಿಗೆ ಗುದ್ದಿ ನಿಂತಾಗ ಮಾವನ ಹಣೆಯ ಮೇಲೆ ಸೀಬೆಮರದ ಕೊಂಬೆ ತಾಗಿ ಗುಬುಟೆದ್ದಿತ್ತು. ಅವರು ಇಳಿದು, ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, ನೇರವಾಗಿ ನನಗೇ ಹೇಳಿದರು: "ಬಹಳ ಚೆನ್ನಾಗಾಗಿದೆ ಅಳಿಯಂದಿರೇ. ಬೆಣ್ಣೆ ಥರ ಆಗಿದೆ. ಬಹಳ ಚೆನ್ನಾಗಾಗಿದೆ."

ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಮರಳುವಾಗ ಶೈಲಾ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬಿಳಕಿ ದಾಟಿದ ಮೇಲೆ, ಅಪ್ಪ ಚೆನ್ನಾಗಿದೆ ಅಂತ ಎರಡು ಸಲ ಹೇಳಿದ್ರೆ ಚೆನ್ನಾಗಿಲ್ಲ ಅಂತ ಎಂದಳು. ಅಭ್ಯಾಸವಾದರೆ ಸರಿಹೋಗುತ್ತದೆ ಎಂದೆ.

ಕ್ರೀಡಾಕೂಟಕ್ಕೆ ಒಂದು ವಾರ ಇದೆ ಎನ್ನುವಾಗ ನಾನೊಬ್ಬನೇ ಮೊದಲ ಬಸ್ಸಿಗೆ ಭದ್ರಾವತಿಗೆ ಹೋದೆ. ಮಾವ ಮನೆಯಲ್ಲಿರಲಿಲ್ಲ. ಗಾಡಿ ತಗೊಂಡು ಮೈದಾನದ ಕಡೆ ಹೋಗಿದ್ದಾರೆ ಎಂದರು ಅತ್ತೆ. ಶಾಲೆಯ ಗೋಡೆಯ ಹತ್ತಿರ ಹೋಗುವಾಗಲೇ ಮರಿ ಟ್ರ್ಯಾಕ್ಟರಿನ ಸದ್ದು ಕೇಳಿಸಿತು, ಹೋಗಿ ಮಾತನಾಡಿಸೋಣ ಎಂದುಕೊಂಡವನು ಗೇಟಿನಲ್ಲೇ ನಿಂತೆ. ಮೈದಾನದ ಆಚೆ ಮೂಲೆಯಲ್ಲಿ, ಯಾರಿಗೂ ಕಾಣದಂತೆ, ಮಾವ ಅಭ್ಯಾಸ ಮಾಡುತ್ತಿದ್ದರು. ಹುಲ್ಲಿನಲ್ಲಿ ಕೊಯ್ದಿದ್ದ ಪಟ್ಟೆಗಳು ಹಾವು ಹರಿದಂತೆ ಇದ್ದವು. ತುದಿಗೆ ಹೋಗಿ ಹಿಂತಿರುಗಿ ನೋಡುವರು, ವಲ್ಲಿಯಿಂದ ಕತ್ತು ಒರೆಸಿಕೊಳ್ಳುವರು, ಮತ್ತೆ ಹತ್ತುವರು. ಕೈ ತನ್ನಷ್ಟಕ್ಕೆ ತಾನು ಬಲಕ್ಕೆ ಹೋಗುತ್ತಿತ್ತು. ಒಮ್ಮೆ ಇಳಿದು ಬಂದು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ತಮಗೇ ವಯಸ್ಸಾಯಿತು ಎಂದು ಆ ಮನುಷ್ಯ ತಿಳಿದುಕೊಂಡಿದ್ದಾರೆ ಎಂದು ನನಗೆ ಆಗ ಹೊಳೆಯಿತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಇದು ನನಗೆ ಗೊತ್ತಿರದ ಸಂಗತಿಯೇನಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಏಳನೇ ನಂಬರಿನ ಸೈಕಲ್ಲೊಂದಿತ್ತು. ಅದರ ಹ್ಯಾಂಡಲ್ಲು ಸೊಟ್ಟ. ಯಾರೂ ಒಯ್ಯುತ್ತಿರಲಿಲ್ಲವಾದ್ದರಿಂದ ಯಾವಾಗ ಹೋದರೂ ನನಗೆ ಅದೇ ಸಿಗುತ್ತಿತ್ತು. ಕೈ ಬಿಟ್ಟು ಓಡಿಸುವಷ್ಟು ಪಳಗಿದ್ದೆ. ಒಂದು ದಿನ ಅಂಗಡಿಯವನು ಹ್ಯಾಂಡಲ್ಲನ್ನು ತೊಡೆಗಳ ನಡುವೆ ಹಿಡಿದು ನೆಟ್ಟಗೆ ಮಾಡಿಟ್ಟಿದ್ದ, ನನಗೆ ಹೇಳಲಿಲ್ಲ. ದುರ್ಗಿಗುಡಿಯ ಚರಂಡಿಯಲ್ಲಿ ಬಿದ್ದು ಎರಡು ಮುಂಗೈಯೂ ತರಚಿಕೊಂಡು ಅವನನ್ನು ಬಾಯಿಗೆ ಬಂದಂತೆ ಬೈದಿದ್ದೆ. ಆ ಗಾಯದ ಕಲೆ ಇನ್ನೂ ಇದೆ. ಕಲೆ ಇಟ್ಟುಕೊಂಡು ಪಾಠ ಮರೆಯುವುದು ಮೇಷ್ಟ್ರಿಗೇ ಸಾಧ್ಯ.

ಮಾವನಿಗೆ ಮುಖ ತೋರಿಸದೆ ಬಂದ ಬಸ್ಸಿಗೇ ಹಿಂತಿರುಗಿ, ನೇರ ಗಾರ್ಡನ್ ಏರಿಯಾಕ್ಕೆ ಹೋದೆ. ಸ್ಟೇರಿಂಗನ್ನು ಮೊದಲಿನ ಹಾಗೆ ಕೆಡಿಸಿಕೊಡಬೇಕು ಎಂದು ಕೇಳಿದೆ. ಇಸ್ಮಾಯಿಲ್ ಸಾಹೇಬರ ನಲವತ್ತು ವರ್ಷದ ವೃತ್ತಿಯಲ್ಲಿ ಅಂಥ ಗಿರಾಕಿ ಬಂದಿರಲಿಲ್ಲವೆಂದು ಅವರ ಮುಖವೇ ಹೇಳಿತು. ತಿರುಪಿದ್ದನ್ನು ಅಷ್ಟೇ ಸುತ್ತು ವಾಪಸ್ ತಿರುಪಿದರಾಯಿತಲ್ಲ ಎಂದೆ. ಪಟ್ಟಿಯನ್ನೇ ಮಗುಚಿ ಹಾಕಿದ ಮೇಲೆ ಹಳೆಯ ಸುತ್ತಿನ ಲೆಕ್ಕ ನಡೆಯುವುದಿಲ್ಲ ಎಂದು ತಲೆಯಾಡಿಸಿದರು.

"ನೇರ ಮಾಡೋಕೆ ಅಳತೆ ಇದೆ ಮೇಷ್ಟ್ರೇ. ಸೊಟ್ಟ ಮಾಡೋಕೆ ಅಳತೆ ಎಲ್ಲಿಂದ ತರ್ಲಿ? ಅದು ಅವರ ಕೈಯಲ್ಲಿದೆ. ಅವರನ್ನ ಕೂರಿಸಿ, ಎಷ್ಟು ಬೇಕು ಅಂತ ಅವರೇ ಬಾಯಿಬಿಟ್ಟು ಹೇಳ್ಲಿ."

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಮಾವ ಬಾಯಿಬಿಟ್ಟು ಹೇಳಬೇಕೆಂದರೆ, ಅಳಿಯ ಮಾಡಿಸಿದ್ದು ಕೆಟ್ಟಿದೆ ಎಂದು ಹೇಳಬೇಕು. ಅದನ್ನು ಆ ಮನುಷ್ಯ ಪ್ರಾಣ ಹೋದರೂ ಹೇಳುವವರಲ್ಲ. ನಾನು ಅತ್ತೆಯ ಮೂಲಕ ಕೇಳಿಸಿದೆ. ಏನೂ ತೊಂದರೆಯಿಲ್ಲವಂತೆ ಎಂಬ ಉತ್ತರ ಬಂತು. ಶೈಲಾಳ ಮೂಲಕ ಕೇಳಿಸಿದೆ. ಬೆಣ್ಣೆಯ ಮಾತು ಮತ್ತೆ ಬಂತು.

ಹುಲ್ಲು ಕೊಯ್ಯುವ ದಿನ ಬಂದೇಬಿಟ್ಟಿತು. ನಾನು ರಜೆ ಹಾಕಿ ಸಾಹೇಬರನ್ನು ಚೀಲದ ಸಮೇತ ಕರೆದುಕೊಂಡು ಮೈದಾನಕ್ಕೆ ಹೋದೆ. ಮಾವ ಆಗಲೇ ಗಾಡಿಯ ಮೇಲಿದ್ದರು. ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಅಗಲವಾದ ವಿಭೂತಿ, ಅದರಡಿಯಲ್ಲಿ ಇನ್ನೂ ಇಳಿಯದ ಗುಬುಟು. ಪಿ.ಟಿ. ಮೇಷ್ಟ್ರು ಸುಣ್ಣದ ಚೀಲದ ಪಕ್ಕ ಟೇಪು ಹಿಡಿದು ನಿಂತಿದ್ದರು. ನೂರು ಮೀಟರಿನ ಜಾಗ ಬಿಟ್ಟು, ಪಕ್ಕದಲ್ಲಿ ಒಂದು ಪಟ್ಟೆ ಹೊಡೆದು ತೋರಿಸಿ ಎಂದರು. ಮಾವ ಕಂಬವನ್ನು ನೋಡಿಕೊಂಡು ಹೊರಟರು. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಪಟ್ಟೆ ಬಲಕ್ಕೆ ಸರಿಯಿತು, ಅಲ್ಲಿಂದ ಎಡಕ್ಕೆ, ಮತ್ತೆ ಬಲಕ್ಕೆ. ಪಿ.ಟಿ. ಮೇಷ್ಟ್ರು ಟೇಪನ್ನು ಡಬ್ಬಿಯೊಳಕ್ಕೆ ಸುತ್ತತೊಡಗಿದರು.

ಸಾಹೇಬರು ಸ್ಪ್ಯಾನರ್ ಹಿಡಿದು ಗಾಡಿಯ ಬಳಿ ಮಂಡಿಯೂರಿದರು. ಎಷ್ಟು ಬೇಕು ಯಜಮಾನರೇ, ಎಡಕ್ಕೋ ಬಲಕ್ಕೋ ಎಂದು ಕೇಳಿದರು. ಮಾವ ನನ್ನತ್ತ ನೋಡಿ, ಎತ್ತಲೋ ನೋಡಿ, ಅಳಿಯಂದಿರು ಮಾಡಿಸಿದ್ದು ಸರಿಯಾಗಿಯೇ ಇದೆ, ನನ್ನ ಕೈಯೇ ಈಗ ಸರಿಯಿಲ್ಲ ಎಂದರು. ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೆ ಸಂಕಟವಾಯಿತು. ಬೇಡ ಬಿಡಿ ಯಜಮಾನ್ರೇ, ನಾಳೆ ಆಳುಗಳನ್ನ ಕರೆಸ್ತೀನಿ ಎಂದರು ಪಿ.ಟಿ. ಮೇಷ್ಟ್ರು.

ಆಗ ನಾನು ಮಾತನಾಡಿದೆ. ಮಾವನಿಗೆ ಸಿಟ್ಟು ಬರಿಸಲೆಂದೇ ಉಪಾಯ ಮಾಡಿದೆ ಎಂದು ಮುಂದೆ ಸ್ನೇಹಿತರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೇನೆ. ಸುಳ್ಳು. ಗಾಬರಿಯಾದಾಗ ಪಾಠ ಮಾಡುವ ಕೆಟ್ಟ ಚಾಳಿ ನನ್ನದು, ಅಷ್ಟೇ.

"ಮಾವ, ನೀವು ಬಲಕ್ಕೆ ಎಳೀಬೇಡಿ. ಸ್ಟೇರಿಂಗ್ ನೇರ ಹಿಡ್ಕೊಳ್ಳಿ, ಅದೇ ನೇರ ಹೋಗುತ್ತೆ," ಎಂದೆ. ಬೋರ್ಡಿನ ಮುಂದೆ ನಿಂತಂತೆ ಗಾಳಿಯಲ್ಲಿ ಒಂದು ಗೆರೆಯನ್ನೂ ಎಳೆದು ತೋರಿಸಿದೆ.

ಮಾವನ ಮುಖ ಮೊದಲು ಕೆಂಪಾಯಿತು. ಆಮೇಲೆ ಅವರು ಸೀಟಿನ ಮೇಲೆ ಅರ್ಧ ಎದ್ದು ನಿಂತರು.

"ಲೇ, ನೇರ ಹಿಡಿಯೋದು ನನಗೆ ಹೇಳಿಕೊಡ್ತೀಯೇನೋ ನೀನು? ಇಪ್ಪತ್ತು ವರ್ಷ ಇದು ಎಡಕ್ಕೆ ಎಳೀತು, ನಾನು ಬಲಕ್ಕೆ ಎಳೆದೆ, ಇಬ್ರೂ ಸೇರಿ ನೇರ ಹೋಗ್ತಿದ್ವಿ. ಮಧ್ಯೆ ನಿನ್ನನ್ನ ಯಾರೋ ಕರೆದಿದ್ದು? ನಿನ್ನ ಗಣಿತ ಬೋರ್ಡ್ ಮೇಲೆ ಇಟ್ಕೋ. ಮನೆ ಗಾಡಿ ಮುಟ್ಟೋ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕು ಅಂತ ಗೊತ್ತಾಗಲ್ವೇನೋ ದಂಡಪಿಂಡ?"

ಪಿ.ಟಿ. ಮೇಷ್ಟ್ರ ಟೇಪು ಅರ್ಧಕ್ಕೇ ನಿಂತಿತು. ಯಾರಿಗೆ ಏನಂದೆ ಎಂಬುದು ಹೊಳೆದು ಮಾವ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಾನು ಎರಡೂ ಕಿವಿಯವರೆಗೆ ಹಲ್ಲು ಕಿರಿದುಕೊಂಡು ನಿಂತಿದ್ದೆನಂತೆ, ಸಾಹೇಬರು ಆಮೇಲೆ ಹೇಳಿದರು. ಸಮಯ ನೋಡಿ ಕೆಲಸ ಮಾಡಿಕೊಳ್ಳುವ ಜಾಣರು ಅವರು. ರಾಡಿಗೆ ಸ್ಪ್ಯಾನರ್ ಹಾಕಿ, ಹಾಂ, ಈಗ ಹೇಳಿ, ಬಲಕ್ಕೆ ಎಷ್ಟು ಎಂದರು.

"ನಾಲ್ಕು ಬೆರಳು," ಎಂದರು ಮಾವ. ಒಮ್ಮೆ ಬಾಯಿ ಬಿಟ್ಟ ಮೇಲೆ ಅವರಿಗೂ ತಡೆಯಲಾಗಲಿಲ್ಲ. "ನನ್ನ ಬೆರಳು. ಅವನ ಸೀಮೆಸುಣ್ಣದ ಬೆರಳಲ್ಲ. ಆಟ ಒಂದು ಗೇಣು ಬಿಡು."

ಮಾವ ಕೈ ಹಿಡಿದು ತೋರಿಸುವರು, ಸಾಹೇಬರು ಅರ್ಧ ಸುತ್ತು ತಿರುಪುವರು, ಮಾವ ನಾಲ್ಕು ಹೆಜ್ಜೆ ಓಡಿಸಿ ಇನ್ನೂ ಸ್ವಲ್ಪ ಎನ್ನುವರು. ಮುಕ್ಕಾಲು ಗಂಟೆ ಹಿಡಿಯಿತು. ಸ್ಪ್ಯಾನರ್ ಎತ್ತಿಕೊಡು, ಎಣ್ಣೆ ತಗೊಂಡು ಬಾ, ಬಿಸಿಲಿಗೆ ಅಡ್ಡ ನಿಲ್ಲಬೇಡ ಎಂದು ನನಗೆ ಒಂದೇ ಸಮ ಕೆಲಸ ಬೀಳುತ್ತಿತ್ತು. ಕೊನೆಗೆ ಕಡ್ಡಿಗಳು ಮೊದಲಿನ ಹಾಗೆ ಓರೆಯಾಗಿ ನಿಂತವು. ಮಾವ ಬಲಕ್ಕೆ ವಾಲಿ ಕೂತು, ಕಂಬವನ್ನು ನೋಡಿಕೊಂಡು, ಈ ಸಲ ಕೇಳದೆಯೇ ನೂರು ಮೀಟರಿನ ಜಾಗಕ್ಕೇ ಗಾಡಿ ಇಳಿಸಿದರು. ಒಂದು ಪಟ್ಟೆ ಹೋಗಿ, ಒಂದು ಪಟ್ಟೆ ಬಂದರು. ಪಿ.ಟಿ. ಮೇಷ್ಟ್ರು ಹಗ್ಗ ತಂದು ಈ ತುದಿಯಿಂದ ಆ ತುದಿಗೆ ಬಿಗಿದು, ಹುಲ್ಲಿನ ಅಂಚಿನ ಮೇಲೆ ಇಟ್ಟು, ಉದ್ದಕ್ಕೂ ಬಗ್ಗಿ ನೋಡುತ್ತ ಬಂದರು. ಬಂದವರು ಹಗ್ಗ ಸುತ್ತಿಟ್ಟು ಸುಣ್ಣದ ಚೀಲದ ಬಾಯಿ ಬಿಚ್ಚಿದರು. ಮುಂದಿನ ವರ್ಷವೂ ಸ್ವಲ್ಪ ಬೇಗ ಬಂದುಬಿಡಿ ಮೇಸ್ತ್ರೀ ಎಂದರು.

ಮನೆಗೆ ಬರುವ ದಾರಿಯುದ್ದಕ್ಕೂ ಮಾವ ರಸ್ತೆಯಿಂದ ಕಣ್ಣು ಕೀಳದೆ ಗಾಡಿ ಓಡಿಸಿದರು. ಸಾಹೇಬರನ್ನು ಬಸ್ಸು ಹತ್ತಿಸಿ, ಮರಿ ಟ್ರ್ಯಾಕ್ಟರಿನ ಪಕ್ಕದಲ್ಲಿ ನಾನು ನಡೆದುಕೊಂಡು ಬಂದೆ. ಅವರಿಗೆ ಸಂಕೋಚವಾಗಿದೆ, ಮನೆ ಮುಟ್ಟಿದ ಕೂಡಲೇ ಮತ್ತೆ ಅಳಿಯಂದಿರೇ ಎಂದು ಶುರುಮಾಡುತ್ತಾರೆ ಎಂಬ ಭಯ ನನಗೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಅಳಿಯಂದಿರು ಬರ್ತಾರೆ ಅಂತ ಹೊಸದಾಗಿ ಬೇಳೆ ಇಟ್ಟಿದ್ದೀನಿ, ಕುದಿಯೋತನಕ ಹತ್ತು ನಿಮಿಷ ಕೂತಿರ್ಲಿ ಎಂದು ಮಾವನ ಕಡೆ ನೋಡಿ ಹೇಳಿದರು. ಮಾವ ಕೈಕಾಲು ತೊಳೆದುಕೊಂಡು ಬಂದು ವಲ್ಲಿಯಿಂದ ಒರೆಸಿಕೊಂಡರು.

"ನಿನ್ನೆ ಸಾರು ಇದೆಯಲ್ಲ," ಎಂದರು ಅತ್ತೆಗೆ, ನನ್ನತ್ತ ತಿರುಗದೆ. "ಅದನ್ನೇ ಬಿಸಿಮಾಡಿ ಅವನಿಗೂ ಹಾಕು."

ಅತ್ತೆ ಬೆಚ್ಚಿ ನನ್ನ ಮುಖ ನೋಡಿದರು. ನಾನು ಗೂಡಿನಿಂದ ತಟ್ಟೆ ಎತ್ತಿಕೊಂಡು ನೇರ ಅಡುಗೆಮನೆಯೊಳಕ್ಕೇ ಹೋಗಿ ನೆಲದ ಮೇಲೆ ಕೂತೆ. ಸಾರು ಸ್ವಲ್ಪ ಹುಳಿಯಾಗಿತ್ತು. ಎರಡು ಸಲ ಹಾಕಿಸಿಕೊಂಡೆ.